ಹೊಲದಲ್ಲಿ ಓಲೆ ಕಳೆದರೆ ಯಾವ ಕಾಯಿಲ್? ಮಣ್ಣು ನೋಡಿ ಮೆಟಲ್ ಡಿಟೆಕ್ಟರ್ ಹೊಂದಿಸುವ ಬಗೆ

ಮೆಕ್ಕೆಜೋಳದ ತೆನೆ ಮುರಿಯುವ ದಿನಗಳು ಬಂದವೆಂದರೆ ದಾವಣಗೆರೆ ಸುತ್ತಲಿನ ಹಳ್ಳಿಗಳಿಂದ ನನಗೆ ಫೋನ್ ಬರಲು ಶುರುವಾಗುತ್ತದೆ. ಒಣಗಿದ ಗರಿಗೆ ಸಿಕ್ಕಿ ಓಲೆ ಕಳಚಿರುತ್ತದೆ, ಚೀಲ ಹೆಗಲಿಗೇರಿಸುವಾಗ ತಾಳಿಸರ ಹರಿದಿರುತ್ತದೆ, ಕಾಲುವೆಯಲ್ಲಿ ಕೈ ತೊಳೆಯುವಾಗ ಉಂಗುರ ಜಾರಿರುತ್ತದೆ. ಈಚೆಗೆ ಇನ್ನೊಂದು ಬಗೆಯ ಕರೆಯೂ ಬರುತ್ತದೆ: ‘ನಾವೇ ಮೆಟಲ್ ಡಿಟೆಕ್ಟರ್ ತರಿಸಿದ್ದೇವೆ ಸರ್, ಹೊಲದಲ್ಲಿ ಇಟ್ಟಲ್ಲೆಲ್ಲ ಕೂಗುತ್ತದೆ, ಕೆಟ್ಟಿರಬೇಕು.’

ಯಂತ್ರ ಕೆಟ್ಟಿರುವುದು ಅಪರೂಪ. ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಅದನ್ನು ನಮ್ಮ ಮಣ್ಣಿಗೆ ಇಳಿಸಿರುತ್ತಾರೆ, ಅಷ್ಟೇ. ಯಂತ್ರದ ಕೋಲಿನ ತುದಿಯಲ್ಲಿ, ನೆಲದ ಮೇಲೆ ಬೀಸುವ ತಟ್ಟೆಯೇ ಕಾಯಿಲ್. ಕಾಯಿಲ್‌ನ ಒಳಗೆ ಎರಡು ಸುರುಳಿಗಳಿರುತ್ತವೆ. ಒಂದು ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅದು ತಾಗಿದ ಲೋಹದಲ್ಲಿ ಪುಟ್ಟ ವಿದ್ಯುತ್ ಸುಳಿ ಹುಟ್ಟುತ್ತದೆ, ಆ ಸುಳಿಯ ಮರುದನಿಯನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಅದಿರು ಬೆರೆತ ಮಣ್ಣು ಕೂಡ ಮರುದನಿ ಕೊಡುತ್ತದೆ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರು ತೆಗೆಯುವ ನೆಲ ನಮ್ಮದು. ಅಲ್ಲಿ ಒಂದು ಮೂಗುತಿಯ ದನಿಗಿಂತ ಮಣ್ಣಿನ ದನಿಯೇ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಕೆಳಗಿನ ಎಲ್ಲ ಹೊಂದಾಣಿಕೆಗಳ ಉದ್ದೇಶ ಒಂದೇ: ಮಣ್ಣನ್ನು ಸುಮ್ಮನಾಗಿಸಿ ಒಡವೆಯ ದನಿ ಕೇಳಿಸಿಕೊಳ್ಳುವುದು.

ಎಲ್ಲಿ ಹುಡುಕಬಾರದು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೇಖನ ತಮ್ಮದೇ ಹೊಲ, ಕಣ, ಹಿತ್ತಲಿನಲ್ಲಿ ಕಳೆದ ಒಡವೆ ಹುಡುಕುವವರಿಗೆ. ನಿಧಿಯ ಆಸೆಗೆ ವೀರಗಲ್ಲು ಕೆಡವುವವರಿಗೆ, ಪಾಳು ಗುಡಿಯ ಗರ್ಭಗುಡಿ ಅಗೆಯುವವರಿಗೆ ಇದರಲ್ಲಿ ಒಂದಕ್ಷರವೂ ಇಲ್ಲ. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿಯಂಥ ಜಾಗಗಳ ಹತ್ತಿರಕ್ಕೂ ಯಂತ್ರ ಒಯ್ಯಬೇಡಿ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾಯ್ದೆ ಇದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳು ಪುರಾವಸ್ತುಗಳು. ನಿಮ್ಮ ಹೊಲದಲ್ಲೇ ಹಳೆಯ ನಾಣ್ಯದ ಗಡಿಗೆ ಸಿಕ್ಕರೂ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಪದರ ಪದರವಾಗಿ ಅಗೆದರು. ಶಾತವಾಹನರ ನಾಣ್ಯ, ರೋಮನ್ ನಾಣ್ಯ ಸಿಕ್ಕ ಪದರಗಳಿಂದ ಆ ನೆಲದ ಕಾಲಮಾನ ಕಟ್ಟಲು ದಾರಿಯಾಯಿತು. ಅದೇ ನಾಣ್ಯವನ್ನು ಯಾರೋ ಒಬ್ಬರು ರಾತ್ರಿ ಕಿತ್ತು ಒಯ್ದಿದ್ದರೆ ಉಳಿಯುತ್ತಿದ್ದುದು ಒಂದು ಬೆಳ್ಳಿ ಬಿಲ್ಲೆ ಮಾತ್ರ.

ಒಡವೆ ಕಳೆದ ತಕ್ಷಣ

ಉಳುಮೆ ನಿಲ್ಲಿಸಿ. ಟ್ರ್ಯಾಕ್ಟರ್ ಒಳಗೆ ಬಿಡಬೇಡಿ. ಮೇಲೆ ಬಿದ್ದ ಒಡವೆ ಮಣ್ಣಿನ ಮೇಲೆಯೇ ಅಥವಾ ಒಂದೆರಡು ಅಂಗುಲದೊಳಗೆ ಇರುತ್ತದೆ. ರೂಟವೇಟರ್ ಹೊಡೆದರೆ ಅದು ಐದಾರು ಅಂಗುಲ ಕೆಳಗೆ ಹೋಗಬಹುದು, ಸರವಾದರೆ ತುಂಡಾಗಬಹುದು. ಕೊನೆಯ ಬಾರಿ ಒಡವೆ ಮೈಮೇಲಿತ್ತು ಎಂದು ಖಚಿತವಾಗಿ ನೆನಪಿರುವ ಜಾಗದಲ್ಲಿ ಒಂದು ಗೂಟ, ಇಲ್ಲವೆಂದು ಗೊತ್ತಾದ ಜಾಗದಲ್ಲಿ ಇನ್ನೊಂದು ಗೂಟ ನೆಡಿ. ಎರಡರ ನಡುವಿನ ಸಾಲುಗಳೇ ನಿಮ್ಮ ಹುಡುಕಾಟದ ಜಾಗ.

ಮಣ್ಣಿನ ಪರೀಕ್ಷೆ

ಹಳೆಯ ಸ್ಪೀಕರ್‌ನ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಣ ಮಣ್ಣಿನಲ್ಲಿ ಹತ್ತು ಹೆಜ್ಜೆ ಎಳೆಯಿರಿ. ಚೀಲದ ಹೊರಗೆ ಕಪ್ಪು ಪುಡಿ ಮೀಸೆಯ ಹಾಗೆ ಅಂಟಿಕೊಂಡರೆ ಆ ಮಣ್ಣು ಯಂತ್ರಕ್ಕೆ ಕಷ್ಟದ್ದು. ನಾಲ್ಕಾರು ಕಣ ಮಾತ್ರ ಅಂಟಿದರೆ ಸುಲಭದ್ದು. ಬಣ್ಣ ನೋಡಿ ತೀರ್ಮಾನಿಸಬೇಡಿ. ಜಗಳೂರು, ಚಳ್ಳಕೆರೆಯ ಕೆಂಪು ಮಣ್ಣೆಲ್ಲ ಯಂತ್ರವನ್ನು ಕಾಡುವುದಿಲ್ಲ. ಮಣ್ಣಿಗೆ ಕೆಂಪು ಕೊಡುವ ಹೆಮಟೈಟ್‌ನ ಕಾಂತಗುಣ ತೀರ ಕಡಿಮೆ, ಕಾಡುವುದು ಮ್ಯಾಗ್ನೆಟೈಟ್ ಮತ್ತು ಮ್ಯಾಗ್‌ಹೆಮೈಟ್. ಕೂಳೆ ಸುಟ್ಟ ಜಾಗ, ಹಳೆಯ ಒಲೆ, ಇಟ್ಟಿಗೆ ಭಟ್ಟಿಯ ಜಾಗಗಳಲ್ಲಿ ಬೆಂಕಿಯ ಶಾಖಕ್ಕೆ ಸಾಧಾರಣ ಕೆಂಪು ಮಣ್ಣಿನ ಕಬ್ಬಿಣದ ಅಂಶವೇ ಮ್ಯಾಗ್‌ಹೆಮೈಟ್ ಆಗಿರುತ್ತದೆ. ಅಂಥಲ್ಲಿ ಯಂತ್ರ ಇದ್ದಕ್ಕಿದ್ದಂತೆ ಕೂಗಿದರೆ ಹೆದರಬೇಡಿ.

ಗ್ರೌಂಡ್ ಬ್ಯಾಲೆನ್ಸ್

ಮಣ್ಣಿನ ದನಿಗೆ ಯಂತ್ರ ಕೂಗದಂತೆ ಹೊಂದಿಸುವುದೇ ಗ್ರೌಂಡ್ ಬ್ಯಾಲೆನ್ಸ್. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಲೋಹವಿಲ್ಲದ ಒಂದು ಚೂರು ನೆಲ ಹುಡುಕಿಕೊಳ್ಳಿ. ಕಾಯಿಲ್ ಅನ್ನು ಮೊಣಕಾಲೆತ್ತರದಿಂದ ಎರಡು ಬೆರಳಿನ ಅಂತರದವರೆಗೆ ಇಳಿಸಿ, ಮತ್ತೆ ಎತ್ತಿ, ಹೀಗೆ ಎಂಟು ಹತ್ತು ಸಲ ಮಾಡಿ. ತಾನಾಗಿ ಹೊಂದಿಸಿಕೊಳ್ಳುವ ಯಂತ್ರವಾದರೆ ಅದಕ್ಕಿರುವ ಗುಂಡಿಯನ್ನು ಒತ್ತಿ ಹಿಡಿದು ಹೀಗೆ ಮಾಡಿದರೆ ಸಾಕು. ಕೈಯಿಂದ ಹೊಂದಿಸುವುದಾದರೆ, ಇಳಿಸುವಾಗಲೂ ಎತ್ತುವಾಗಲೂ ದನಿ ಒಂದೇ ಸಮ ಕೇಳುವವರೆಗೆ ಸಂಖ್ಯೆ ಬದಲಿಸುತ್ತ ಹೋಗಿ.

ಬದು ದಾಟಿದರೆ ಮತ್ತೆ ಮಾಡಿ. ಕಾಲುವೆಯ ದಂಡೆಗೆ ಬಂದರೆ ಮತ್ತೆ ಮಾಡಿ. ಮಳೆ ಬಂದು ನಿಂತರೂ ಮಾಡಿ. ನಡೆಯುತ್ತಿರುವಾಗಲೇ ಮಣ್ಣಿಗೆ ತಕ್ಕಂತೆ ತಾನಾಗಿ ಹೊಂದಿಸಿಕೊಳ್ಳುತ್ತ ಹೋಗುವ ‘ಟ್ರ್ಯಾಕಿಂಗ್’ ಎಂಬ ಆಯ್ಕೆ ಇದ್ದರೆ ಮಣ್ಣು ಹೆಜ್ಜೆ ಹೆಜ್ಜೆಗೆ ಬದಲಾಗುವ ಕಲ್ಲು ನೆಲದಲ್ಲಿ ಅದು ಅನುಕೂಲವೇ. ಆದರೆ ಒಂದೇ ಕ್ಷೀಣ ದನಿಯ ಮೇಲೆ ಹತ್ತು ಸಲ ಬೀಸಿದರೆ ಅದು ಒಡವೆಯನ್ನೂ ಮಣ್ಣೆಂದೇ ತಿಳಿದು ನುಂಗಿಬಿಡುತ್ತದೆ. ಅನುಮಾನದ ದನಿ ಸಿಕ್ಕ ಕೂಡಲೇ ಟ್ರ್ಯಾಕಿಂಗ್ ಆರಿಸಿ.

ಸೆನ್ಸಿಟಿವಿಟಿ ಇಳಿಸಲು ಅಂಜಬೇಡಿ

ಯಂತ್ರ ಎಷ್ಟು ಕ್ಷೀಣ ದನಿಗೂ ಕೂಗಬೇಕು ಎಂಬ ಮಟ್ಟವೇ ಸೆನ್ಸಿಟಿವಿಟಿ. ಎಲ್ಲರೂ ಮಾಡುವ ತಪ್ಪು ಇದು. ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ಆಳ ಹೆಚ್ಚು ಎಂದು ನಂಬುತ್ತಾರೆ. ಕಬ್ಬಿಣದ ಮಣ್ಣಿನಲ್ಲಿ ಅದು ಉಲ್ಟಾ. ಏರಿಸಿದಷ್ಟೂ ಮಣ್ಣೇ ಹೆಚ್ಚು ಕೂಗುತ್ತದೆ, ಓಲೆ ಆ ಗದ್ದಲದಲ್ಲಿ ಮುಳುಗುತ್ತದೆ. ನಡುವಿನ ಮಟ್ಟದಿಂದ ಶುರು ಮಾಡಿ, ಚಟಪಟ ಸದ್ದು ನಿಲ್ಲುವವರೆಗೆ ಇಳಿಸಿ. ಕಳೆದ ಒಡವೆ ನಾಲ್ಕು ಅಂಗುಲದೊಳಗೇ ಇದೆ ಎಂದ ಮೇಲೆ ಅಡಿಗಟ್ಟಲೆ ಆಳ ಯಾರಿಗೆ ಬೇಕು?

ಬೋರ್‌ವೆಲ್ ಮೋಟಾರು, ಟ್ರಾನ್ಸ್‌ಫಾರ್ಮರ್, ಸೋಲಾರ್ ಬೇಲಿಯ ಹತ್ತಿರದ ಗಲಾಟೆ ಬೇರೆ ಬಗೆಯದು. ಕಾಯಿಲ್ ಅನ್ನು ಅಲುಗಿಸದೆ ಎತ್ತಿ ಹಿಡಿದಾಗಲೂ ಸದ್ದು ಬಂದರೆ ಅದು ಕರೆಂಟಿನದು. ಬೇಲಿ ಆರಿಸಿ, ತ್ರಿಫೇಸ್ ಇಲ್ಲದ ಹೊತ್ತು ನೋಡಿ ಹೋಗಿ, ಮೊಬೈಲನ್ನು ಜೇಬಿನಿಂದ ತೆಗೆದು ದೂರವಿಡಿ.

ಡಿಸ್ಕ್ರಿಮಿನೇಷನ್: ಕಬ್ಬಿಣ ಬಿಟ್ಟು ಬೇರೇನನ್ನೂ ತಳ್ಳಬೇಡಿ

ಯಂತ್ರ ಪ್ರತಿ ಲೋಹಕ್ಕೂ ಒಂದು ಸಂಖ್ಯೆ ತೋರಿಸುತ್ತದೆ. ಬೇಡದ ಸಂಖ್ಯೆಗಳಿಗೆ ಅದು ಕೂಗದಂತೆ ಮಾಡುವುದೇ ಡಿಸ್ಕ್ರಿಮಿನೇಷನ್. ಸಾಮಾನ್ಯವಾಗಿ ಕಬ್ಬಿಣ ತೀರ ಕೆಳಗೆ, ತಾಮ್ರ ಮತ್ತು ಬೆಳ್ಳಿ ಮೇಲೆ. ತೊಂದರೆ ಇರುವುದು ನಡುವೆ. ಸಣ್ಣ ಚಿನ್ನದ ಓಲೆಗೆ ಬರುವ ಸಂಖ್ಯೆಯೇ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಗೂ ಬರುತ್ತದೆ. ಹಾಳೆಯ ಕಾಟ ತಪ್ಪಲಿ ಎಂದು ಆ ಸಂಖ್ಯೆಗಳನ್ನು ಮುಚ್ಚಿದರೆ ಓಲೆಯೂ ಮುಚ್ಚಿಹೋಯಿತು. ಚಿನ್ನ ಹುಡುಕುವವರು ಹಾಳೆಯನ್ನೂ ಅಗೆಯಲೇಬೇಕು.

ಒಡವೆಯ ಆಕಾರವೂ ಮುಖ್ಯ. ಮುಚ್ಚಿದ ಬಳೆ, ಉಂಗುರದ ಸುತ್ತ ವಿದ್ಯುತ್ ಸುಳಿ ಪೂರ್ತಿ ಸುತ್ತು ಹೊಡೆಯುವುದರಿಂದ ದನಿ ಗಟ್ಟಿ. ಕಾಲುಂಗುರದ ತುದಿ ಬಿಟ್ಟುಕೊಂಡಿದ್ದರೆ ಬೆಳ್ಳಿಯಾದರೂ ದನಿ ಕುಗ್ಗುತ್ತದೆ. ಸರದ ಪಾಡು ಇನ್ನೂ ಕಷ್ಟ: ಕೊಂಡಿಗಳು ಸಡಿಲವಾಗಿ ತಾಗಿರುವುದರಿಂದ ಯಂತ್ರಕ್ಕೆ ಅದು ಒಂದು ಸರವಾಗಿ ಕಾಣದೆ ನೂರು ಪುಟ್ಟ ಚೂರುಗಳಾಗಿ ಕಾಣುತ್ತದೆ. ಆದ್ದರಿಂದ ತಾಳಿಸರ ಹುಡುಕುವಾಗ ಸರವನ್ನು ಮರೆತುಬಿಡಿ, ತಾಳಿಬೊಟ್ಟನ್ನು ಹುಡುಕಿ. ಅಗಲವಾದ ತಗಡಿನ ಬೊಟ್ಟು ಚೆನ್ನಾಗಿ ಉತ್ತರ ಕೊಡುತ್ತದೆ, ಸರ ಅದರ ಆಸುಪಾಸಿನಲ್ಲೇ ಇರುತ್ತದೆ.

ಫ್ರೀಕ್ವೆನ್ಸಿ, ಅಂದರೆ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಕಂಪಿಸಬೇಕು ಎಂಬುದನ್ನು ಆರಿಸಿಕೊಳ್ಳಲು ಬರುವ ಯಂತ್ರವಾದರೆ ಸಣ್ಣ ಚಿನ್ನಕ್ಕೆ 15–20 ಕಿಲೋಹರ್ಟ್ಸ್, ದೊಡ್ಡ ಬೆಳ್ಳಿ ಅಥವಾ ತಾಮ್ರದ ವಸ್ತುವಿಗೆ 5–7 ಕಿಲೋಹರ್ಟ್ಸ್.

ಕಾಯಿಲ್ ಆಯ್ಕೆ

ಮಾರುವವರು ದೊಡ್ಡ ಕಾಯಿಲ್ ಬಗ್ಗೆ ಬಹಳ ಹೇಳುತ್ತಾರೆ. ಒಳ್ಳೆಯ ಮಣ್ಣಿನಲ್ಲಿ ಒಂದು ನಾಣ್ಯ ಹೆಚ್ಚುಕಡಿಮೆ ಕಾಯಿಲ್‌ನ ಅಗಲದಷ್ಟು ಆಳದಲ್ಲಿ ಸಿಗುತ್ತದೆ ಎಂಬ ಅಂದಾಜು ಇದೆ. ಕಬ್ಬಿಣದ ಮಣ್ಣಿನಲ್ಲಿ ಅದರ ಅರ್ಧವೂ ಅನುಮಾನ. 13–15 ಅಂಗುಲದ ಕಾಯಿಲ್ ಹೆಚ್ಚು ಆಳ ನೋಡುತ್ತದೆ ನಿಜ, ಜೊತೆಗೆ ಅಷ್ಟೇ ಹೆಚ್ಚು ಮಣ್ಣನ್ನೂ ನೋಡುತ್ತದೆ, ಮೂಗುತಿಯಂಥ ಸಣ್ಣದನ್ನು ಬಿಟ್ಟೇಬಿಡುತ್ತದೆ. 5–6 ಅಂಗುಲದ ಪುಟ್ಟ ಕಾಯಿಲ್‌ಗೆ ಕಾಣುವ ಮಣ್ಣು ಸ್ವಲ್ಪ, ಸಣ್ಣ ಒಡವೆ ಚುರುಕಾಗಿ ಕಾಣುತ್ತದೆ, ಕೂಳೆಯ ಸಾಲುಗಳ ನಡುವೆ ಸಲೀಸಾಗಿ ತೂರುತ್ತದೆ. ಒಂದೇ ಒಂದು ಹೆಚ್ಚುವರಿ ಕಾಯಿಲ್ ಕೊಳ್ಳುವುದಾದರೆ ನಾನು ಕಣ್ಣು ಮುಚ್ಚಿ ಪುಟ್ಟದನ್ನೇ ಕೊಳ್ಳಿ ಎನ್ನುತ್ತೇನೆ.

ಆಕಾರದಲ್ಲಿ ಎರಡು ಬಗೆ: ಸುರುಳಿಗಳು ಒಂದರೊಳಗೊಂದು ದುಂಡಗಿದ್ದರೆ ಕಾನ್ಸೆಂಟ್ರಿಕ್, ಎರಡೂ ಇಂಗ್ಲಿಷಿನ D ಅಕ್ಷರದ ಹಾಗಿದ್ದರೆ ಡಬಲ್ ಡಿ. ಕಾನ್ಸೆಂಟ್ರಿಕ್ ಕಾಯಿಲ್‌ನ ಕ್ಷೇತ್ರ ಆಲಿಕೆಯ ಹಾಗೆ ಕೆಳಗೆ ಕಿರಿದಾಗುತ್ತದೆ; ಜಾಗ ಕರಾರುವಾಕ್ಕಾಗಿ ತೋರಿಸುತ್ತದೆ, ಮೆದು ಮಣ್ಣಿಗೆ, ಹಿತ್ತಲಿಗೆ ಚೆನ್ನ. ಡಬಲ್ ಡಿ ಕಾಯಿಲ್‌ನ ಕ್ಷೇತ್ರ ಕುಡುಗೋಲಿನ ಅಲಗಿನಂತೆ ಉದ್ದುದ್ದ ತೆಳ್ಳಗಿರುತ್ತದೆ, ಅದಿರಿನ ಮಣ್ಣನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಚಿತ್ರದುರ್ಗದ ಕಡೆಗೆ ಡಬಲ್ ಡಿ ಬೇಕೇ ಬೇಕು. ಅದಕ್ಕೂ ಒಂದು ದೋಷವಿದೆ: ಸೋಡಾ ಬಾಟಲಿಯ ಕಬ್ಬಿಣದ ಮುಚ್ಚಳವನ್ನು ಒಳ್ಳೆಯ ಲೋಹವೆಂದು ಹೇಳಿ ಮೋಸ ಮಾಡುತ್ತದೆ. ಕಾಯಿಲ್ ಅನ್ನು ನಿಧಾನವಾಗಿ ಹಿಂದಕ್ಕೆ ಎಳೆದಾಗ ಕೊನೆಗೆ ಕಬ್ಬಿಣದ ದನಿ ಕೇಳಿದರೆ ಅದು ಮುಚ್ಚಳ.

ಇನ್ನು ನೆಲದಿಂದ ನೆಲಕ್ಕೆ. ಶೇಂಗಾ ಕಿತ್ತ ಮೆದು ಕೆಂಪು ಮಣ್ಣಿನಲ್ಲಿ 9–11 ಅಂಗುಲದ ಡಬಲ್ ಡಿ ಸಾಕು, ಬೇಗ ಮುಗಿಯುತ್ತದೆ. ಮರಡಿಯ ಕಲ್ಲು ನೆಲದಲ್ಲಿ ಕೆಲವು ಕಪ್ಪು ಕಲ್ಲುಗಳೇ ಲೋಹದಂತೆ ಕೂಗುತ್ತವೆ. ಪುಟ್ಟ ಕಾಯಿಲ್ ಹಾಕಿ, ಕಲ್ಲನ್ನು ಕಾಲಿನಿಂದ ಸರಿಸಿ, ದನಿ ಕಲ್ಲಿನ ಜೊತೆ ಹೋಯಿತೇ ನೋಡಿ. ಚನ್ನಗಿರಿಯ ಅಡಿಕೆ ತೋಟದಲ್ಲಿ ಬೈಂಡಿಂಗ್ ತಂತಿ, ಹನಿ ನೀರಾವರಿಯ ತುಂಡುಗಳು ಹೆಚ್ಚು, ಅಲ್ಲಿಯೂ ಪುಟ್ಟದೇ ಮೇಲು. ಹಳೆಯ ಕಣದಲ್ಲಿ ಎತ್ತಿನ ಲಾಳದ ಮೊಳೆಗಳು ಒಡವೆಯ ದನಿಯನ್ನು ಮರೆಮಾಡುತ್ತವೆ, ಬೀಸುವುದು ಬಹಳ ನಿಧಾನವಾಗಿರಲಿ.

ಎರೆ ಹೊಲದ ಕಥೆಯೇ ಬೇರೆ. ಬೇಸಿಗೆಯಲ್ಲಿ ಎರೆ ಬಾಯಿ ಬಿಟ್ಟಾಗ ಬಿರುಕುಗಳು ಅರ್ಧ ಮೀಟರಿಗೂ ಹೆಚ್ಚು ಆಳ ಹೋಗುತ್ತವೆ. ಅದರೊಳಗೆ ಬಿದ್ದ ಓಲೆ ಯಾವ ಕಾಯಿಲ್‌ಗೂ ಎಟಕದೆ ಹೋಗಬಹುದು. ಅಂಥ ಹೊಲದಲ್ಲಿ ಮಾತ್ರ ನಾನು ದೊಡ್ಡ ಕಾಯಿಲ್ ತೆಗೆಯುತ್ತೇನೆ. ಅದಕ್ಕೂ ಮೊದಲು, ಬಿರುಕಿನ ಬಾಯಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಮಳೆ ಬಂದು ಬಿರುಕು ಮುಚ್ಚುವ ಮುನ್ನ ಹೋಗುವುದು ಅಗತ್ಯ. ಕೆರೆ, ಕಾಲುವೆಯಲ್ಲಾದರೆ, ಬಹುಪಾಲು ಯಂತ್ರಗಳಲ್ಲಿ ಕಾಯಿಲ್ ಮಾತ್ರ ನೀರು ತಾಳುತ್ತದೆ, ಮೇಲಿನ ಪೆಟ್ಟಿಗೆ ತಾಳುವುದಿಲ್ಲ ಎಂಬುದು ನೆನಪಿರಲಿ.

ಬೀಸುವುದು, ತೆಗೆಯುವುದು

ಹೊರಡುವ ಮುನ್ನ ಮನೆಯವರ ಇನ್ನೊಂದು ಕಿವಿಯ ಓಲೆಯನ್ನು ಕೇಳಿ ಪಡೆಯಿರಿ. ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದೇ ಹೊಲದ ಮಣ್ಣಿನಲ್ಲಿ ಮೂರು ಅಂಗುಲ ಹೂಳಿ, ಮೇಲೆ ಬೀಸಿ ನೋಡಿ. ಆ ದನಿ, ಆ ಸಂಖ್ಯೆ ಕಿವಿಗೆ, ಕಣ್ಣಿಗೆ ಕೂಡಲಿ. ಕಾಯಿಲ್ ಅನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಬೀಸಿ, ತುದಿಯಲ್ಲಿ ಮೇಲಕ್ಕೆ ಎತ್ತಬೇಡಿ, ಪ್ರತಿ ಬೀಸು ಹಿಂದಿನದರ ಅರ್ಧವನ್ನಾದರೂ ಮುಚ್ಚಲಿ. ದನಿ ಸಿಕ್ಕರೆ ಅಡ್ಡಲಾಗಿ ಒಮ್ಮೆ, ಉದ್ದಕ್ಕೆ ಒಮ್ಮೆ ಬೀಸಿ, ಗೆರೆಗಳು ಕೂಡುವಲ್ಲಿ ಕೈಯಿಂದಲೇ ಮಣ್ಣು ಬಿಡಿಸಿ. ಗುದ್ದಲಿ ಹಾಕಿದರೆ ಓಲೆಯ ಹರಳು ಒಡೆಯುತ್ತದೆ.

ಹೋದ ಸುಗ್ಗಿಯಲ್ಲಿ ದಾವಣಗೆರೆ ಹತ್ತಿರದ ಒಂದು ಹೊಲದಲ್ಲಿ ಅಜ್ಜಿಯೊಬ್ಬರ ಬೆಂಡೋಲೆ ಹುಡುಕಲು ಹೋಗಿದ್ದೆ. ಮನೆಯವರು ಅದಾಗಲೇ ದೊಡ್ಡ ಕಾಯಿಲ್‌ನಲ್ಲಿ ಎರಡು ದಿನ ಹುಡುಕಿ ಸೋತಿದ್ದರು. ಪುಟ್ಟ ಕಾಯಿಲ್ ಹಾಕಿ, ಸೆನ್ಸಿಟಿವಿಟಿ ಅರ್ಧಕ್ಕಿಳಿಸಿ, ಕೂಳೆಯ ಬುಡ ಬುಡಕ್ಕೂ ತೂರಿಸುತ್ತ ಬಂದೆವು. ಹನ್ನೊಂದನೆಯ ಸಾಲಿನಲ್ಲಿ ಒಂದು ಮೆಲ್ಲನೆಯ, ಆದರೆ ಎರಡೂ ಕಡೆಯಿಂದ ಒಂದೇ ಸಮ ಬರುವ ದನಿ. ಬೆರಳಿನಿಂದ ಮಣ್ಣು ಕೆದರಿದರೆ ಬೇರಿನ ಗುಚ್ಛದಲ್ಲಿ ಓಲೆ ಸಿಕ್ಕಿಕೊಂಡು ಕೂತಿತ್ತು. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ, ತಿರುಗಿಸಿ ನೋಡಿ, ‘ತಿರುಪು ಎಲ್ಲಪ್ಪಾ?’ ಎಂದರು. ಜೋಳದ ಕಾಳಿಗಿಂತ ಸಣ್ಣ ತಿರುಪು ಯಂತ್ರಕ್ಕೆ ಕೇಳಿಸಲಿಲ್ಲ. ಆ ಬುಡದ ಸುತ್ತಲಿನ ಮಣ್ಣನ್ನು ಬುಟ್ಟಿಗೆ ತುಂಬಿ, ಮನೆಯಿಂದ ಜರಡಿ ತರಿಸಿ ಅಂಗಳದಲ್ಲಿ ಹಿಡಿದೆವು. ಮೂರನೆಯ ಬುಟ್ಟಿಯಲ್ಲಿ ಸಿಕ್ಕಿತು.