ದೋಣಿ ಎಂಜಿನ್ನಿಗೆ ಹಾಕಿದ ಎಸ್‌ಎಸ್ ಬೋಲ್ಟ್ ಯಾಕೆ ಕಚ್ಚಿಕೊಂಡಿತು?

ನನ್ನ ದೋಣಿಯ ಹಿಂಬದಿಗೆ ತಗುಲಿಸುವ 15 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ನಿನ ತುಕ್ಕು ಹಿಡಿದ ಬೋಲ್ಟ್‌ಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಬೋಲ್ಟ್ ಹಾಕಿದ ದಿನ, ಇನ್ನು ಈ ಕಡೆ ನೋಡಬೇಕಾಗಿಲ್ಲ ಅಂದುಕೊಂಡಿದ್ದೆ. ಎರಡು ವರ್ಷದ ನಂತರ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಬದಲಾಯಿಸಲು, ಎಂಜಿನ್ನಿನ ಕೆಳಭಾಗದ ಗೇರ್‌ಕೇಸ್ ಬಿಚ್ಚಲು ಹೋದರೆ ಮೂರನೇ ಬೋಲ್ಟಿನ ತಲೆ ಸಾಕೆಟ್ ಜೊತೆಗೇ ಕೈಗೆ ಬಂತು. ಅದರ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಸುತ್ತ ಮಾತ್ರ ಸುಣ್ಣದಂಥ ಬಿಳಿ ಪುಡಿ.

ಆ ಪುಡಿಯೇ ಎಲ್ಲಕ್ಕೂ ಕಾರಣ. ಗೇರ್‌ಕೇಸ್ ಅಲ್ಯೂಮಿನಿಯಂ ಎರಕದ್ದು. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ತಾಗಿ, ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ ಆಗುತ್ತದೆ. ಅದರಲ್ಲಿ ಸವೆಯುವುದು ಬೋಲ್ಟ್ ಅಲ್ಲ, ಅಲ್ಯೂಮಿನಿಯಂ. ಸವೆದ ಅಲ್ಯೂಮಿನಿಯಂ ಪುಡಿಯಾಗಿ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಥ್ರೆಡ್‌ಗಳ ಸಂದಿಯಲ್ಲಿ ತುಂಬಿಕೊಂಡು ಬೋಲ್ಟನ್ನು ಹಿಂಡಿ ಹಿಡಿಯುತ್ತದೆ. ನಾನು ಆ ಬೋಲ್ಟ್‌ಗಳನ್ನು ಒಣದಾಗಿಯೇ ತಿರುಗಿಸಿ ಬಿಗಿ ಮಾಡಿದ್ದೆ. ತಪ್ಪಾದದ್ದು ಅಲ್ಲಿ.

ಉಳಿದ ಬೋಲ್ಟ್‌ಗಳಿಗೆ ಅವಸರ ಮಾಡಲಿಲ್ಲ. ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟೆ. ಮರುದಿನ ಪೆಟ್ರೋಲ್ ಟ್ಯಾಂಕನ್ನೂ ಪೈಪನ್ನೂ ದೂರ ಒಯ್ದಿಟ್ಟು, ಎಣ್ಣೆಯನ್ನೆಲ್ಲ ಒರೆಸಿ, ಹೀಟ್ ಗನ್ನಿನಿಂದ ಬೋಲ್ಟಿನ ಸುತ್ತಲಿನ ಎರಕವನ್ನು ಕಾಯಿಸಿದೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಆಯಿಲ್ ಸೀಲ್ ಹತ್ತಿರವಿರುವಲ್ಲಿ ಮಾತ್ರ ಬಹಳ ಹೊತ್ತು ಕಾಯಿಸಬಾರದು. ಆಮೇಲೆ ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕು ಸಣ್ಣ ಪೆಟ್ಟು. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. ‘ಕಿರ್’ ಎಂದು ಸದ್ದು ಬಂದು ಕಾಲು ಸುತ್ತು ತಿರುಗಿತು. ಆಗ ಕೈ ಓಡುತ್ತದೆ, ಆದರೆ ಓಡಿಸಬಾರದು. ಮತ್ತೆ ಹಿಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಕಾಲು ಸುತ್ತು. ಪ್ರತಿ ಸಲವೂ ಥ್ರೆಡ್ಡಿನಿಂದ ಬೂದು ಬಣ್ಣದ ಕೆಸರು ಹೊರಗೆ ಬರುತ್ತಿತ್ತು.

ಮುರಿದ ಬೋಲ್ಟಿಗೆ ಎಕ್ಸ್‌ಟ್ರಾಕ್ಟರ್ (ಮುರಿದ ತುಂಡನ್ನು ಕಚ್ಚಿ ತಿರುಗಿಸಿ ತೆಗೆಯುವ ಸಾಧನ) ಹಾಕಲಿಲ್ಲ. ಅದೂ ಒಳಗೇ ಮುರಿದರೆ ಆ ಗಟ್ಟಿ ಉಕ್ಕಿಗೆ ಮಾಮೂಲಿ ಡ್ರಿಲ್ ಇಳಿಯುವುದಿಲ್ಲ. ಸರಿಯಾಗಿ ನಡುವಿಗೆ ಪಂಚ್ ಹೊಡೆದು, ಕೋಬಾಲ್ಟ್ ಬಿಟ್ ಹಾಕಿ, ನಿಧಾನದ ವೇಗದಲ್ಲಿ ಬಲವಾಗಿ ಒತ್ತಿ ಕೊರೆದೆ. ಸ್ಟೇನ್‌ಲೆಸ್ಸನ್ನು ವೇಗವಾಗಿ ಉಜ್ಜಿದರೆ ಉಜ್ಜಿದ ಜಾಗವೇ ಗಟ್ಟಿಯಾಗಿ ಬಿಟ್ ಸುಡುತ್ತದೆ. ಹಾಳಾದ ತೂತಿಗೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಕೂರಿಸಿದ್ದಾಯಿತು.

ಹೊಸ ಬೋಲ್ಟ್ ಕೊಳ್ಳುವಾಗ ಈ ಬಾರಿ ತಲೆಯ ಮೇಲಿನ ಗುರುತು ಓದಿದೆ. ಎ2 ಎಂದಿದ್ದರೆ 304 ಜಾತಿಯದು, ಎ4 ಎಂದಿದ್ದರೆ 316. ಎರಡನೆಯದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪುನೀರನ್ನು ಚೆನ್ನಾಗಿ ತಡೆಯುತ್ತದೆ. ಅದರ ಪಕ್ಕದ 70 ಎಂಬ ಅಂಕಿ ಬಲದ ಲೆಕ್ಕ, 700 ಮೆಗಾಪ್ಯಾಸ್ಕಲ್. ಮಾಮೂಲಿ 8.8 ದರ್ಜೆಯ ಉಕ್ಕಿನ ಬೋಲ್ಟಿನದು 800. ಈ ಕಾರಣಕ್ಕೇ ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್ ಬೋಲ್ಟ್‌ಗಳನ್ನು ನಾನು ಮುಟ್ಟುವುದಿಲ್ಲ. ಅಲ್ಲಿ ಕಂಪನಿ ಹೇಳಿದ್ದೇ ಇರಬೇಕು. ಗೇರ್‌ಕೇಸ್, ಬ್ರಾಕೆಟ್, ಕವರ್‌ಗಳಿಗಷ್ಟೇ ಎಸ್‌ಎಸ್, ಅದೂ ಹಳೆಯದರ ಉದ್ದ ಮತ್ತು ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಎರಡನ್ನೂ ಅಳೆದು.

ಇನ್ನು ಜೋಡಣೆ. ತೂತುಗಳಲ್ಲಿ ಥ್ರೆಡ್ ಕೊರೆಯುವ ಟ್ಯಾಪನ್ನು ಕೈಯಲ್ಲೇ ಮೆಲ್ಲಗೆ ಆಡಿಸಿ ಪುಡಿ ತೆಗೆದು, ಒರೆಸಿ ಒಣಗಿಸಿದೆ. ಪ್ರತಿ ಬೋಲ್ಟಿನ ಥ್ರೆಡ್ಡಿಗೂ, ತಲೆಯ ಅಡಿಗೂ, ವಾಷರಿಗೂ ಟೆಫ್-ಜೆಲ್ ಎಂಬ ಸವೆತ ತಡೆಯುವ ಜೆಲ್ ಹಚ್ಚಿದೆ. ಥ್ರೆಡ್ಡಿನ ತಗ್ಗು ತುಂಬಿ ಉಬ್ಬು ಮಾತ್ರ ಕಾಣುವಷ್ಟು. ಇದರ ಕೆಲಸ ಬರೀ ಜಾರಿಸುವುದಲ್ಲ, ಎರಡು ಲೋಹಗಳ ನಡುವೆ ನೀರು ಹೋಗದಂತೆ ಗೋಡೆ ಕಟ್ಟುವುದು. ಬೋಲ್ಟ್ ಕಚ್ಚಿಕೊಳ್ಳದಂತೆ ಹಚ್ಚುವ, ತಾಮ್ರದ ಪುಡಿಯಿರುವ ಆ್ಯಂಟಿಸೀಜ್ ಮಾತ್ರ ಅಲ್ಯೂಮಿನಿಯಂ ಹತ್ತಿರ ಬೇಡವೇ ಬೇಡ, ಅದು ಅಲ್ಯೂಮಿನಿಯಂ ಸವೆತವನ್ನು ಹೆಚ್ಚಿಸುತ್ತದೆ. ಇನ್ನೊಂದು ವಿಷಯ: ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನೇ (ತಿರುಗಿಸುವ ಬಲವನ್ನೇ) ಜಾರುವ ಥ್ರೆಡ್ಡಿಗೂ ಕೊಟ್ಟರೆ ಬಿಗಿ ಮಿತಿಮೀರುತ್ತದೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಟಾರ್ಕ್ ರೆಂಚನ್ನು ಸುಮಾರು ಐದನೇ ಒಂದು ಭಾಗ ಇಳಿಸಿಕೊಂಡೇ ಬಿಗಿದೆ.

ಎಂಜಿನ್ನಿನ ಅಲ್ಯೂಮಿನಿಯಂ ಬದಲು ತಾನು ಸವೆಯಲೆಂದೇ ಹಾಕಿರುವ ಸತುವಿನ ಆನೋಡ್ ಸವೆದು ಅರ್ಧವಾಗಿತ್ತು, ಅದನ್ನೂ ಅದೇ ದಿನ ಬದಲಾಯಿಸಿದೆ. ಅದರ ಮೇಲೆ ಬಣ್ಣ ಬಳಿಯಬಾರದು, ಬಳಿದರೆ ಅದು ಕೆಲಸ ಮಾಡುವುದಿಲ್ಲ.

ಕಳೆದ ವಾರ ಒಂದು ವರ್ಷ ತುಂಬಿತು ಎಂದು ಒಂದು ಬೋಲ್ಟ್ ಬಿಚ್ಚಿ ನೋಡಿದೆ. ಸಾಕೆಟ್‌ನಲ್ಲಿ ಒಂದು ಸಲ ಸಡಿಲಿಸಿದ ಮೇಲೆ ಬೆರಳಲ್ಲೇ ತಿರುಗುತ್ತ ಹೊರಬಂತು. ಥ್ರೆಡ್ಡಿನ ತಗ್ಗಿನಲ್ಲಿ ಹಚ್ಚಿದ ಜೆಲ್ ಹಾಗೇ ಇತ್ತು, ಬಿಳಿ ಪುಡಿ ಎಲ್ಲೂ ಇರಲಿಲ್ಲ. ಒರೆಸಿ, ಹೊಸದಾಗಿ ಹಚ್ಚಿ, ಮತ್ತೆ ಹಾಕಿದೆ.