ಬೀದಿದೀಪಕ್ಕೆ ಖಾಸಗಿ ಬಂಡವಾಳ: ಮಳಿಗೆಗಳ ಬಾಡಿಗೆಯನ್ನು ಆಧಾರ ಮಾಡಿದ ಮೇಲೆ ಕೆಲಸ ಆಯಿತು

ಸಣ್ಣ ಪುರಸಭೆಯನ್ನು ನಂಬಿ ಖಾಸಗಿಯವರು ದುಡ್ಡು ಹಾಕುವುದಿಲ್ಲ ಎಂದವರೇ ಹೆಚ್ಚು. ಕೋಲಾರ ಜಿಲ್ಲೆಯ ಒಂದು ಪುರಸಭೆಯಲ್ಲಿ ಬೀದಿದೀಪ ಬದಲಿಸಲು ಹಾಕಿಸಿದ್ದೇವೆ. ಮೂರನೇ ವರ್ಷ, ಒಂದು ಕಂತೂ ತಪ್ಪಿಲ್ಲ.

2021ರಲ್ಲಿ ಉತ್ತರ ಪ್ರದೇಶದ ಗಾಜಿಯಾಬಾದ್ ಪಾಲಿಕೆ 150 ಕೋಟಿಯ ಹಸಿರು ಬಾಂಡ್ (ಪರಿಸರದ ಕೆಲಸಕ್ಕೆ ಹೂಡಿಕೆದಾರರಿಂದ ಸಾಲ ಎತ್ತುವ ಪತ್ರ) ತಂದಿತು. ನಮ್ಮದು 65 ಲಕ್ಷದ ಲೆಕ್ಕ. ಬಾಂಡಿಗೆ ಬೇಕಾದ ಸಾಲಯೋಗ್ಯತೆ ರೇಟಿಂಗ್‌ನ ಖರ್ಚೂ ಹುಟ್ಟುವುದಿಲ್ಲ. 2005ರಲ್ಲಿ ಬೆಂಗಳೂರಿನ ಸುತ್ತಲ ಎಂಟು ಊರುಗಳು ಕೂಡಿ ಬಾಂಡಿನಿಂದ 100 ಕೋಟಿ ಎತ್ತಿದ್ದವು. ಈಗ ಎಂಟು ಸಾಮಾನ್ಯ ಸಭೆಗಳಲ್ಲಿ ಒಂದೇ ಠರಾವು ಪಾಸು ಮಾಡಿಸುವುದು ಆಗದ ಕೆಲಸ. ಉಳಿದದ್ದು ಉಳಿತಾಯ ಹಂಚಿಕೆ: ಖಾಸಗಿಯವರು ದುಡ್ಡು ಹಾಕಿ ದೀಪ ಬದಲಿಸುವುದು, ಕರೆಂಟ್ ಬಿಲ್ಲಿನಲ್ಲಿ ಉಳಿದದ್ದರ ಲೆಕ್ಕದಲ್ಲಿ ಅವರಿಗೆ ಕಂತು ಕಟ್ಟುವುದು.

250 ವಾಟ್ ಸೋಡಿಯಂ ದೀಪ ಸುಮಾರು 400, ಚೋಕ್ ಸೇರಿ ಒಂದೊಂದೂ 280 ವಾಟ್ ಎಳೆಯುತ್ತಿತ್ತು. ಬದಲಿಗೆ 90 ವಾಟ್ ಎಲ್‌ಇಡಿ. ಟ್ಯೂಬ್‌ಲೈಟ್ 1,800ರಷ್ಟು, ಅವಕ್ಕೆ 20 ವಾಟ್. ಸ್ವಿಚ್ ಪ್ಯಾನೆಲ್ 70. ವರ್ಷಕ್ಕೆ 35 ಲಕ್ಷದಷ್ಟು ಉಳಿಯಬೇಕು.

ಮೊದಲ ಟೆಂಡರಿಗೆ ಒಬ್ಬರೂ ಬರಲಿಲ್ಲ. ಕರೆಂಟ್ ಬಿಲ್ಲು ರಾಜ್ಯ ಹಣಕಾಸು ಆಯೋಗದ ವಿದ್ಯುತ್ ಅನುದಾನದಲ್ಲಿ ಹೋಗುತ್ತದೆ. ಬಿಲ್ಲು ಇಳಿದರೆ ಅನುದಾನ ಉಳಿಯಿತು, ಹೂಡಿದವನಿಗೆ ಕೊಡಲು ಪುರಸಭೆ ಕೈಗೆ ಕಾಸು ಬರಲಿಲ್ಲ. ಎರಡನೆಯ ಸಲ ಆಸ್ತಿ ತೆರಿಗೆಗೆ ಎಸ್ಕ್ರೋ ಖಾತೆ (ಕಂತು ಮೊದಲು ಕಳೆಯುವಂತೆ ಬ್ಯಾಂಕಿನ ಹಿಡಿತದಲ್ಲಿರುವ ಖಾತೆ) ಕಟ್ಟಿದೆವು. ಶೇ 5 ರಿಯಾಯಿತಿಗಾಗಿ ಜನ ಏಪ್ರಿಲ್‌ನಲ್ಲಿ ಕಟ್ಟುತ್ತಾರೆ. ಡಿಸೆಂಬರ್ ಹೊತ್ತಿಗೆ ಖಾತೆ ಖಾಲಿ. ಬ್ಯಾಂಕಿನವರು ಒಂದೇ ನೋಟಕ್ಕೆ ಹಿಡಿದರು. ಸಮಾಲೋಚಕರಿಗೆ ಕೊಟ್ಟ ನಾಲ್ಕೈದು ಲಕ್ಷ ನೀರಿಗೆ ಹೋಯಿತು.

ಕೈ ಹಿಡಿದದ್ದು ಬಸ್ ನಿಲ್ದಾಣ, ಸಂತೆಮಾಳದ ಮಳಿಗೆ ಬಾಡಿಗೆ. ತಿಂಗಳಿಗೆ ಮೂರೂವರೆ ಲಕ್ಷ ಬರುತ್ತದೆ, ಕಂತು 2.4 ಲಕ್ಷ. ಬಾಡಿಗೆ ನೇರ ಎಸ್ಕ್ರೋಗೆ ಬೀಳಬೇಕು, ಕಂತು ಕಳೆದದ್ದು ಪುರಸಭೆಗೆ. ಮೂರು ಕಂತು ಸದಾ ಠೇವಣಿ ಇರಬೇಕು. ದೀಪ ನಿರ್ವಹಣೆಯ ಹಳೆ ಗುತ್ತಿಗೆ ನಿಂತದ್ದರಿಂದ ಪುರಸಭೆ ನಿಧಿಗೂ ಭಾರ ಅಷ್ಟಾಗಲಿಲ್ಲ. ಮುಖ್ಯಾಧಿಕಾರಿ ಬದಲಾದರೂ ಖಾತೆ ಮುರಿಯದಂತೆ ಒಂದು ಷರತ್ತು ಹಾಕಿದ್ದೇವೆ; ಅದನ್ನು ಇಲ್ಲಿ ಬಿಡಿಸುವುದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಹಳೆ ದೀಪ ಎಷ್ಟು ಕರೆಂಟ್ ಎಳೆಯುತ್ತಿತ್ತು ಎಂಬ ಮೂಲ ಲೆಕ್ಕದಲ್ಲಿ. ಐದರಲ್ಲೊಂದು ಹಳೆ ದೀಪ ಉರಿಯುತ್ತಲೇ ಇರಲಿಲ್ಲ. ಹೊಸವು ಎಲ್ಲವೂ ಉರಿದಾಗ ಬಿಲ್ಲಿನಲ್ಲಿ ಕಂಡ ಉಳಿತಾಯ ಮೂರನೇ ಒಂದು ಪಾಲು ಕಡಿಮೆ. ಹಳೆ ಬಿಲ್ಲನ್ನು ಆಧಾರ ಮಾಡಲೇಬೇಡಿ. ಕಂಬ ಎಣಿಸಿ, ಪ್ರತಿ ಬಗೆಯಲ್ಲಿ ಹತ್ತು ದೀಪಕ್ಕೆ ಕ್ಲ್ಯಾಂಪ್ ಮೀಟರ್ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಸಾಧನ) ಹಿಡಿದು, ಉರಿಯದವನ್ನೂ ಬರೆದು, ಬೆಸ್ಕಾಂ ಸೆಕ್ಷನ್ ಆಫೀಸರ್ ಸಹಿ ಹಾಕಿಸಿ.

ರಾತ್ರಿ 11ರ ನಂತರ ಬೆಳಕು ಅರ್ಧಕ್ಕೆ ಇಳಿಸಿ ನೋಡಿದೆವು. ಇನ್ನಷ್ಟು ಉಳಿಯಿತು, ಆದರೆ ಟೊಮೆಟೊ ಹೊತ್ತು ಮಾರುಕಟ್ಟೆಗೆ ನಸುಕಿಗೇ ಹೊರಡುವವರಿಗೆ ಕತ್ತಲೆ. ಮುಖ್ಯರಸ್ತೆಯಲ್ಲಿ ಕೈಬಿಟ್ಟೆವು.

ಪುರಸಭೆ ಸದಸ್ಯರ ವಿರೋಧ ಇದ್ದದ್ದು ಖಾಸಗಿಯವರ ಮೇಲಲ್ಲ. ಇಷ್ಟು ದಿನ ಅವರು ಫೋನ್ ಮಾಡಿದರೆ ಲೈನ್‌ಮನ್ ಬಂದು ದೀಪ ಹಾಕುತ್ತಿದ್ದ. ವಾರ್ಡಿನಲ್ಲಿ ಆ ಹೆಸರು ಅವರದ್ದಾಗಿತ್ತು. ಆದ್ದರಿಂದ ದೂರು ಸದಸ್ಯರ ಮೂಲಕವೂ ದಾಖಲಾಗುವಂತೆ ಮಾಡಿ, 48 ಗಂಟೆ ಮೀರಿದರೆ ದೀಪಕ್ಕೆ ದಿನಕ್ಕೆ 50 ರೂಪಾಯಿ ದಂಡ ಇಟ್ಟೆವು. ವಾರ್ಡುವಾರು ದಂಡದ ಪಟ್ಟಿ ಪ್ರತಿ ಸಭೆಯಲ್ಲಿ ಓದಿಸುತ್ತೇವೆ. ಈ ಷರತ್ತು ಸೇರಿಸಿದ ಮುಂದಿನ ಸಭೆಯಲ್ಲೇ ಯೋಜನೆಯ ಠರಾವು ಪಾಸಾಗಿತ್ತು.