ಒಡೆದ ಮನೆಯ ಮರ, ನಮ್ಮ ಅಡುಗೆಮನೆಯ ಮೇಜು

ಹಳೇ ಸಾಮಾನಿನಲ್ಲಿ ಅಡುಗೆಮನೆಗೆ ಮೇಜು, ಬೀರು ಮಾಡಿಕೊಳ್ಳಬೇಕು ಅನ್ನುವವರು ಮೊದಲು ಡಿಸೈನ್ ಬರೆಯುತ್ತಾರೆ. ಆಮೇಲೆ ಅದೇ ಅಳತೆಯ ಮರ ಹುಡುಕುತ್ತಾರೆ. ಸಿಗುವುದಿಲ್ಲ. ಬೇಜಾರಾಗಿ ಪ್ಲೈವುಡ್ ಅಂಗಡಿಗೆ ಹೋಗುತ್ತಾರೆ. ನಾನು ಉಲ್ಟಾ ಮಾಡಿದೆ. ಗೋಡೆಯ ಉದ್ದ, ಬಾಗಿಲಿನ ಅಗಲ, ಸಿಲಿಂಡರಿನ ಎತ್ತರ ಇಷ್ಟನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಸಿಕ್ಕಿದ ಮರ ಏನಾಗಬೇಕು ಅನ್ನುವುದನ್ನು ಮರವೇ ಹೇಳಲಿ ಅಂತ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ. ಅಡುಗೆಮನೆಯಲ್ಲಿ ಸಿಂಕಿನ ಪಕ್ಕ ಚಿಕ್ಕದೊಂದು ಕಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಗೋಡೆಗೆ ಡ್ರಿಲ್ ಹಾಕಬಾರದು ಅಂತ ಓನರ್ ಮೊದಲೇ ಹೇಳಿದ್ದರು. ಮಾಡ್ಯುಲರ್ ಕಿಚನ್ನಿಗೆ ಒಂದು ಕಡೆ ರೇಟ್ ಕೇಳಿದರೆ 1,80,000 ರೂಪಾಯಿ ಅಂದರು. ಮನೆ ಖಾಲಿ ಮಾಡುವಾಗ ಅದನ್ನು ಕಿತ್ತುಕೊಂಡು ಹೋಗೋಕಾಗುತ್ತಾ? ತಾನಾಗಿ ನಿಲ್ಲುವ, ನಾಳೆ ಟೆಂಪೋ ಹತ್ತಿಸಬಹುದಾದ ಸಾಮಾನು ಸಾಕು ಅನ್ನಿಸಿತು. ಒಲೆಗೆ ಒಂದು ಮೇಜು, ದಿನಸಿಗೆ ಒಂದು ಜಾಲರಿ ಬೀರು, ಪಾತ್ರೆಗೆ ಒಂದು ಸ್ಟ್ಯಾಂಡ್.

ಮೈಸೂರಿನಲ್ಲಿ ಹಳೇ ಮರಕ್ಕೆ ಬರವಿಲ್ಲ. ಅಗ್ರಹಾರ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆ ಹೆಂಚಿನ ಮನೆಗಳನ್ನು ಒಡೆದು ಮೂರು ಮಹಡಿ ಎಬ್ಬಿಸುವುದು ನಿಂತಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ನಾವು ಬೇಡ ಅಂದರೆ ನಿಲ್ಲುವ ಕೆಲಸವಲ್ಲ. ಒಡೆಯುವ ಗುತ್ತಿಗೆದಾರ ಬಾಗಿಲು, ಕಿಟಕಿ, ವಾಸಕಲ್ಲು (ಬಾಗಿಲಿನ ಮರದ ಚೌಕಟ್ಟು), ತೊಲೆ, ಹೆಂಚಿನ ಕೆಳಗಿನ ರೀಪರ್ ಪಟ್ಟಿ ಎಲ್ಲವನ್ನೂ ಬಿಡಿಸಿ ಹಳೇ ಮರದ ಶೆಡ್ಡಿಗೆ ಹಾಕುತ್ತಾನೆ. ಒಡೆಯುವ ಜಾಗದಲ್ಲೇ ಕೇಳಿದರೆ ಕಡಿಮೆಗೆ ಸಿಗುತ್ತದೆ, ಆದರೆ ಅವತ್ತೇ ಎತ್ತಿಕೊಂಡು ಹೋಗಬೇಕು. ಎಲ್ಲಿ ತಗೊಂಡರೂ ಒಂದು ಚೀಟಿ ಬರೆಸಿಕೊಳ್ಳಿ.

ಶೆಡ್ಡಿನಲ್ಲಿ ತೇಗದ ಲೆಕ್ಕ ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಿದರೆ ಆಯಿತು. 7 ಅಡಿ ಉದ್ದ, 4 ಇಂಚು ಅಗಲ, 3 ಇಂಚು ದಪ್ಪದ ವಾಸಕಲ್ಲಿನ ಕಾಲು 0.58 ಘನ ಅಡಿ. ಟೇಪು ನಮ್ಮ ಕೈಯಲ್ಲೇ ಇರಬೇಕು. ನೆಲದ ಹತ್ತಿರ ಕೊಳೆತ ಅರ್ಧ ಅಡಿಯನ್ನೂ ಅಂಗಡಿಯವರು ಲೆಕ್ಕಕ್ಕೆ ಸೇರಿಸುತ್ತಾರೆ. ಅದನ್ನು ತೋರಿಸಿ ಕಳೆಯಿರಿ ಅಂದರೆ ಸ್ವಲ್ಪ ಗೊಣಗಿ ಕಳೆಯುತ್ತಾರೆ.

ಮಸಿ, ಪೇಂಟು ಹತ್ತಿದ ಮರ ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹಿಂಬದಿಯಲ್ಲಿ ಚಾಕುವಿನಿಂದ ಕೆರೆದು ಮೂಸಿ ನೋಡಬೇಕು. ತೇಗಕ್ಕೆ ಎಣ್ಣೆ ಜಿಡ್ಡಿನ, ತೊಗಲಿನಂಥ ವಾಸನೆ ಇರುತ್ತದೆ. ಹೊನ್ನೆ ಮರವಾದರೆ ಕೆರೆದ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ನೋಡಿ, ಬಟ್ಟೆ ಹಳದಿಯಾಗುತ್ತದೆ. ಹೊನ್ನೆ ಗಟ್ಟಿ ಮರವೇ, ಬೀರುವಿನ ಚೌಕಟ್ಟಿಗೆ ಸೊಗಸಾಗಿದೆ. ಆದರೆ ನೀರು ಬೀಳುವ ಕಡೆ ಹಾಕಿದರೆ ಕೆಳಗಿನ ನೆಲವೆಲ್ಲ ಹಳದಿ ಕಲೆ.

ಕುಟ್ಟೆ ಹುಳದ ತೂತು ಹಳೇ ಮರದಲ್ಲಿ ಇದ್ದೇ ಇರುತ್ತದೆ. ತೂತು ಇರುವುದು ಮುಖ್ಯವಲ್ಲ, ಹುಳ ಈಗಲೂ ಇದೆಯಾ ಅನ್ನುವುದು ಮುಖ್ಯ. ಪೇಪರ್ ಹಾಸಿ ಮರವನ್ನು ಅದರ ಮೇಲೆ ಕುಟ್ಟಿದೆ. ಬಿಳುಪಾದ ಹೊಸ ಪುಡಿ ಉದುರಿದ ತುಂಡನ್ನು ಮುಟ್ಟಲಿಲ್ಲ. ಔಷಧಿ ಹೊಡೆದು ಉಳಿಸಿಕೊಳ್ಳಿ ಅಂತ ಹೇಳುವವರಿದ್ದಾರೆ. ಅಕ್ಕಿ, ಬೇಳೆ ಇಡುವ ಜಾಗಕ್ಕೆ ಆ ಔಷಧಿ ಯಾಕೆ?

ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಿಂದ ಗುಜರಿಗೆ ಬರುವ ಪ್ಯಾಲೆಟ್, ಅಂದರೆ ಸರಕು ಪೇರಿಸುವ ಮರದ ಅಟ್ಟೆ, ಇನ್ನೂ ಅಗ್ಗ. ಹೊರದೇಶದಿಂದ ಬಂದ ಪ್ಯಾಲೆಟ್ ಮೇಲೆ ತೆನೆಯ ಚಿತ್ರದ ಸುಟ್ಟ ಮುದ್ರೆ ಇರುತ್ತದೆ. ಪಕ್ಕದಲ್ಲಿ ಎಚ್‌ಟಿ ಅಂತಿದ್ದರೆ ಮರದ ಒಳಭಾಗ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇದ್ದಿದೆ ಅಂತ ಅರ್ಥ. ಅದನ್ನು ಬಳಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಗಾಳಿ ಹಾಕಿದ್ದು, ಅಡುಗೆಮನೆಗೆ ಬೇಡ. ಎಣ್ಣೆ, ಕೆಮಿಕಲ್ ಕಲೆ ಇರುವುದೂ ಬೇಡ. ಪ್ಯಾಲೆಟ್ಟಿನ ಪೈನ್ ಮೆತ್ತಗಿನ ಮರ. ನಾನು ಬೀರುವಿನ ಹಿಂಬದಿಗೆ ಮಾತ್ರ ಹಾಕಿದೆ.

ನಿಜವಾದ ಕೆಲಸ ಶುರುವಾಗುವುದು ಮರ ಮನೆಗೆ ಬಂದ ಮೇಲೆ. ಮೊದಲು ಮೊಳೆ. ತಲೆ ಮುರಿದು ಒಳಗೇ ಕೂತ ಮೊಳೆ ಕಾಣುವುದಿಲ್ಲ, ಗರಗಸದ ಹಲ್ಲಿಗೆ ಸಿಕ್ಕಾಗಲೇ ಗೊತ್ತಾಗುವುದು. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮರದ ಮೇಲೆ ನಿಧಾನಕ್ಕೆ ಆಡಿಸಿದೆ. ಸೆಳೆದ ಕಡೆ ಸೀಮೆಸುಣ್ಣದ ಗುರುತು. ತುಕ್ಕು ಹಿಡಿದ ಮೊಳೆಯನ್ನು ನೇರ ಎಳೆದರೆ ಮುರಿಯುತ್ತದೆ. ಮೊದಲು ಸುತ್ತಿಗೆಯಲ್ಲಿ ಒಂದು ಏಟು ಒಳಕ್ಕೇ ಹೊಡೆಯಬೇಕು. ತುಕ್ಕಿನ ಹಿಡಿತ ಬಿಡುತ್ತದೆ, ಆಮೇಲೆ ಎಳೆದರೆ ಕಿರ್ ಅಂತ ಬರುತ್ತದೆ. ಜಗ್ಗದ ಸ್ಕ್ರೂಗೆ ಸೋಲ್ಡರಿಂಗ್ ಕಡ್ಡಿಯಿಂದ ಬಿಸಿ ಮುಟ್ಟಿಸಿದರೆ ಸಡಿಲವಾಗುತ್ತದೆ.

ಹಳೇ ಪೇಂಟಿನ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಜ್ಜನ ಕಾಲದ ಹಸಿರು ಕಿಟಕಿಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು? ಅದಕ್ಕೇ ಒಣಗಿದ ಪೇಂಟನ್ನು ಮಷಿನ್ ಇಟ್ಟು ಉಜ್ಜಿ ಧೂಳು ಎಬ್ಬಿಸಲಿಲ್ಲ. ಪೇಂಟ್ ರಿಮೂವರ್ ಹಚ್ಚಿ ಕೆರೆದು, ಉಳಿದದ್ದನ್ನು ನೀರಿನ ಉಪ್ಪುಕಾಗದದಲ್ಲಿ ಒದ್ದೆ ಮಾಡಿಕೊಂಡೇ ಉಜ್ಜಿದೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಮಗುವನ್ನು ಟೆರೇಸಿಗೆ ಬಿಡದೆ. ಬೇಸರದ ಕೆಲಸ. ಪೂರ್ತಿ ಖರ್ಚಿನಲ್ಲಿ ನಮ್ಮ ಮೈಬೆವರು ಸೇರುವುದು ಇಲ್ಲೇ.

ಈಗ ಒಲೆಯ ಮೇಜು. ಎತ್ತರ ಎಷ್ಟಿರಬೇಕು? ತರಕಾರಿ ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಚೆನ್ನ. ಅದೇ ಲೆಕ್ಕದಲ್ಲಿ 34 ಇಂಚು ಅಂದುಕೊಂಡಿದ್ದೆ. ನಮ್ಮ ಅತ್ತೆ ಮದ್ದೂರು ಕಡೆಯವರು, ನಮ್ಮ ಮನೆಯಲ್ಲಿ ದಿನಾ ಮುದ್ದೆ ಆಗಲೇಬೇಕು. ಟೇಪು ಹಿಡಿದು ನಿಂತಿದ್ದ ನನ್ನನ್ನು ನೋಡಿ, “ಅಲ್ಲ ಕಣವ್ವ, ಒಲೆ ಎದೆಮಟ್ಟಕ್ಕೆ ಬಂದ್ರೆ ಇಟ್ಟು ತೊಳ್ಸೋದು ಎಂಗೆ?” ಅಂದರು. ಸರಿಯಾದ ಮಾತು. ಮೇಜಿನ ಮೇಲೆ ಒಲೆ, ಒಲೆಯ ಮೇಲೆ ತಪ್ಪಲೆ. ದೊಣ್ಣೆಗೆ ಮೇಲಿನಿಂದ ಬಲ ಬೀಳಬೇಕು. 28 ಇಂಚಿಗೆ ಇಳಿಸಿದೆ. ಹೆಚ್ಚುವುದಕ್ಕೆ ಸಿಂಕಿನ ಪಕ್ಕದ ಕಟ್ಟೆ ಹೇಗೂ ಇದೆ. 28 ಇಂಚಾದರೂ ಒಲೆಯ ಬರ್ನರ್ ಸಿಲಿಂಡರಿಗಿಂತ ಮೇಲೇ ಬರುತ್ತದೆ, ಹಾಗೇ ಬರಬೇಕು.

ಮುದ್ದೆ ತೊಳಸುವ ಮೇಜು ಪಕ್ಕಕ್ಕೆ ತೂಗಾಡಬಾರದು. ಕಾಲು ದಪ್ಪ ಇದ್ದ ಮಾತ್ರಕ್ಕೆ ಮೇಜು ಗಟ್ಟಿ ಅಲ್ಲ. ಕಾಲಿಗೂ ಅಡ್ಡಪಟ್ಟಿಗೂ ಇರುವ ಸಂದು ಗಟ್ಟಿ ಇರಬೇಕು. ವಾಸಕಲ್ಲಿನ ತುಂಡುಗಳೇ ನಾಲ್ಕು ಕಾಲಾದವು. ಹಳೇ ಬಾಗಿಲಿನ ಅಡ್ಡಪಟ್ಟಿಗಳನ್ನು ಮೇಲೆ ಸುತ್ತ ಹಾಕಿದೆವು. ಕಾಲಿನಲ್ಲಿ ತೂತು ಕೊರೆದು ಪಟ್ಟಿಯ ತುದಿ ಕೂರಿಸುವ ಕೆಲಸ ಮಾತ್ರ ನನ್ನ ಕೈಲಿ ಆಗುವಂಥದ್ದಲ್ಲ, ಅದಕ್ಕೆ ಬೀದಿಯ ಕೊನೆಯ ಆಚಾರ್ರನ್ನು ಕರೆದೆ. “ಆಚಾರ್ರೇ, ಎಲ್ ಪಟ್ಟಿ ಹಾಕಿ ಸ್ಕ್ರೂ ಹೊಡೆದರೆ ಸಾಲದಾ?” ಅಂತ ಕೇಳಿದೆ. “ಮೂರು ತಿಂಗಳು ಇರುತ್ತೆ ಮೇಡಂ. ಆಮೇಲೆ ಸ್ಕ್ರೂ ತನ್ನ ತೂತನ್ನು ತಾನೇ ದೊಡ್ಡದು ಮಾಡ್ಕೊಳ್ಳುತ್ತೆ” ಅಂದರು. ಹತ್ತರಿ ಹೊಡೆದಾಗ ಮಸಿಯ ಕೆಳಗಿಂದ ತೇಗದ ಜೇನು ಬಣ್ಣ ಸುರುಳಿ ಸುರುಳಿಯಾಗಿ ಎದ್ದುಬಂತು. ಆಚಾರ್ರೇ ಒಂದು ಸುರುಳಿ ಎತ್ತಿ ಮೂಸಿ, ಈಗಿನ ಮರದಲ್ಲಿ ಇದಿಲ್ಲ ಅಂದರು. ಹಿಂದಿನ ಎರಡು ಕಾಲುಗಳ ನಡುವೆ ಓರೆಯಾಗಿ ಒಂದು ಪಟ್ಟಿ ಹೊಡೆದೆವು. ನೋಡೋಕೆ ಅಷ್ಟು ಚೆಂದವಲ್ಲ, ಆದರೆ ಗೋಡೆ ಕಡೆ ಇರುವುದರಿಂದ ಕಾಣುವುದಿಲ್ಲ.

ಮೇಲಕ್ಕೆ ಗ್ರಾನೈಟ್. ಗ್ರಾನೈಟ್ ಅಂಗಡಿಗಳ ಹಿಂದೆ ಕತ್ತರಿಸಿ ಮಿಕ್ಕ ತುಂಡುಗಳ ರಾಶಿ ಇರುತ್ತದೆ. 4 ಅಡಿಗೆ 2 ಅಡಿಯ ಕಪ್ಪು ತುಂಡು ಸಿಕ್ಕಿತು. ಅಂಚು ಉಜ್ಜಿಸಿದ ಕೂಲಿಯೇ ಕಲ್ಲಿಗಿಂತ ಜಾಸ್ತಿ. 20 ಮಿಲಿಮೀಟರ್ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ, ಅಂದರೆ ಈ ತುಂಡು 40 ಕಿಲೋ. ಈ ಭಾರವೇ ಮೇಜನ್ನು ಕೂರಿಸುತ್ತದೆ. ಕಲ್ಲಿಗೂ ಮರಕ್ಕೂ ನಡುವೆ ಸಿಲಿಕಾನ್ ಬೊಟ್ಟು ಇಟ್ಟು, ರಸಮಟ್ಟ ನೋಡಿ ಕೂರಿಸಿದೆವು. ಮೇಜಿನ ಕೆಳಗೆ ಬಾಗಿಲು ಹಾಕಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಸೇರಿಕೊಳ್ಳುತ್ತದೆ. ಸಿಲಿಂಡರ್ ತೆರೆದ ಜಾಗದಲ್ಲೇ ಇರಲಿ.

ಜಾಲರಿ ಬೀರು ಹುಟ್ಟಿದ್ದು ಒಂದು ಜೊತೆ ಕಿಟಕಿ ಬಾಗಿಲಿನಿಂದ. ಅವುಗಳ ಅಗಲವೇ ಬೀರುವಿನ ಅಗಲ. ಗಾಜು ತೆಗೆದು ಸ್ಟೀಲ್ ಜಾಲರಿ ಹೊಡೆದೆ, ರಾಗಿಹಿಟ್ಟಿನ ಡಬ್ಬಕ್ಕೆ ಗಾಳಿ ಆಡಬೇಕಲ್ವಾ. ಹಳೇ ಹಿತ್ತಾಳೆ ಚಿಲಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಸದರ ಹಾಗಾಯಿತು. ಆದರೆ ಹಿಂಜು, ಸ್ಕ್ರೂ, ಜಾಲರಿ, ಅಂಟು ಎಲ್ಲ ಹೊಸದೇ. ಇದರಲ್ಲಿ ಉಳಿಸಲು ಹೋಗಬೇಡಿ. ಸವೆದ ಹಿಂಜಿಗೆ ಎಂಥಾ ತೇಗದ ಬಾಗಿಲು ಹಾಕಿದರೂ ಜೋತು ಬೀಳುತ್ತದೆ. ಲೆಕ್ಕ ಹಾಕಿದರೆ ಬೀರುವಿನ ಮರಕ್ಕಿಂತ ಈ ಚಿಲ್ಲರೆ ಸಾಮಾನಿಗೇ ಜಾಸ್ತಿ ಖರ್ಚಾಗಿದೆ. ಸೆಕೆಂಡ್ ಹ್ಯಾಂಡ್ ಪ್ಲೈವುಡ್ಡನ್ನೂ ಬೇಡ ಅನ್ನುತ್ತೇನೆ. ಒಮ್ಮೆ ನೀರು ಕುಡಿದು ಪದರ ಬಿಟ್ಟಿದ್ದು ಮತ್ತೆ ಕೂಡುವುದಿಲ್ಲ.

ಪಾತ್ರೆ ಸ್ಟ್ಯಾಂಡ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹೆಂಚಿನ ಕೆಳಗಿನ ರೀಪರ್‌ಗಳನ್ನು ಬೆರಳಷ್ಟು ಸಂದು ಬಿಟ್ಟು ಹೊಡೆದರೆ ತಟ್ಟೆ, ಲೋಟದ ನೀರು ಸೋರಿಹೋಗುತ್ತದೆ.

ಪಾಲಿಶ್ ಬಗ್ಗೆ ಆಚಾರ್ರಿಗೂ ನನಗೂ ಚರ್ಚೆಯಾಯಿತು. ಅವರಿಗೆ ಅರಗು, ಸ್ಪಿರಿಟ್ಟಿನ ಫ್ರೆಂಚ್ ಪಾಲಿಶ್ ಮೇಲೆ ಪ್ರೀತಿ. ಮೈಸೂರಿನವರಿಗೆ ಅರಗು ಹೊಸದಲ್ಲ, ಓಟಿನ ಶಾಯಿ ಮಾಡುವ ನಮ್ಮೂರ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಆದರೆ ಅರಗಿನ ಪಾಲಿಶ್ ಮೇಲೆ ಬಿಸಿ ಪಾತ್ರೆ ಅಥವಾ ನೀರು ನಿಂತರೆ ಬೆಳ್ಳಗೆ ಗುರುತು ಬೀಳುತ್ತದೆ. ಹಾಲ್‌ಗೆ ಸರಿ, ಇಲ್ಲಿಗಲ್ಲ. ಮೇಜಿನ ಕಾಲು, ಸ್ಟ್ಯಾಂಡಿಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿದೆ. ಬೀರುವಿಗೆ ಮಾತ್ರ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ನೆನೆಸಿ ಎಸೆಯಿರಿ.

ಸಿಂಕಿನ ಕೆಳಗೆ ಮರದ ಆಸೆಯನ್ನೇ ಬಿಟ್ಟೆ. ಅಲ್ಲಿ ಯಾವಾಗಲೂ ತೇವ. ಅದೇ ಒಡೆದ ಮನೆಗಳ ಗೂಡಿನಿಂದ ಬಂದ ಕಡಪ ಕಲ್ಲನ್ನು ಇಟ್ಟಿಗೆ ಮೇಲೆ ಕೂರಿಸಿ ಬಕೆಟ್, ಸೋಪು ಇಟ್ಟಿದ್ದೇನೆ. ಕಡಪ ಸುಣ್ಣದ ಜಾತಿಯ ಕಲ್ಲು, ನಿಂಬೆ, ಹುಣಸೆ ಹುಳಿ ಬಿದ್ದರೆ ಹೊಳಪು ಹೋಗಿ ಮಂಕಾಗುತ್ತದೆ. ಅದಕ್ಕೇ ಅದನ್ನು ಮೇಲೆ ಹಾಕದೆ ಕೆಳಗೆ ಹಾಕಿದ್ದು.